ಎರಡು ಹೆಸರಿನ ಬಸಪ್ಪ

2022ರಲ್ಲಿ ನಾನು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಬೈಲಕುಪ್ಪೆಯ ಟಿಬೆಟನ್ ಕ್ಯಾಂಪುಗಳಿಗೆ ಸಮೀಪದ ಒಂದು ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಕೆ.ಆರ್. ನಗರದ ಕಡೆಯ ಮಿರ್ಲೆಯಲ್ಲಿ ಹುಟ್ಟಿದ ನಾನು ಹುಣಸೂರು, ಎಚ್.ಡಿ. ಕೋಟೆ, ಬಿಳಿಕೆರೆ ಎಂದು ಸುತ್ತಿ ಕೊನೆಗೆ ಅಲ್ಲಿಗೆ ಬಂದು ನಿಂತಿದ್ದೆ. ಹೆಂಗಸು ದನದ ಡಾಕ್ಟರಾಗುವುದೇ ಒಂದು ತಮಾಷೆ ಎಂದು ಜನ ನಗುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿದವಳು. ನಕ್ಕವರಿಗೆ ಅಲ್ಲೇ ನಾಲ್ಕು ಮಾತು ಕೊಟ್ಟು ಕಳಿಸುವುದು ಅಭ್ಯಾಸವಾಗಿಹೋಗಿತ್ತು. ಡಾಕ್ಟ್ರಮ್ಮನ ಕೈ ಮೆತ್ತಗೆ, ಬಾಯಿ ಮಾತ್ರ ಮೆಣಸಿನಕಾಯಿ ಎಂದು ಊರಿನವರು ಆಡಿಕೊಳ್ಳುತ್ತಿದ್ದುದು ನನ್ನ ಕಿವಿಗೂ ಬಿದ್ದಿತ್ತು. ಬಿದ್ದರೆ ಬೀಳಲಿ ಎಂದು ಸುಮ್ಮನಿದ್ದೆ.

ಆ ಸೀಮೆಯನ್ನು ನೋಡದವರಿಗೆ ಎರಡು ಮಾತು ಹೇಳಬೇಕು. 1961ರಿಂದ ಅಲ್ಲಿ ಟಿಬೆಟನ್ನರು ಇದ್ದಾರೆ. ಕಾಡು ಕಡಿದು ಹೊಲ ಮಾಡಿದರು, ಮಠ ಕಟ್ಟಿದರು, ಅಂಗಡಿ ಇಟ್ಟರು. ಕ್ಯಾಂಪಿನ ಕೊನೆಯ ಮನೆಯ ಮುಸುಕಿನ ಜೋಳ ಮುಗಿದಲ್ಲೇ ನಮ್ಮ ಕನ್ನಡದ ಹಳ್ಳಿಯ ಹೊಗೆಸೊಪ್ಪು ಶುರು. ನಡುವೆ ಇರುವುದು ಒಂದು ಗಾಡಿದಾರಿ ಮಾತ್ರ. ಆಗಸ್ಟ್ ತಿಂಗಳ ಬೆಳಗಿನಲ್ಲಿ ಆ ದಾರಿಯ ಮೇಲೆ ಮಂಜು ಇಳಿದು, ಯಾವುದು ಯಾರ ಹೊಲ ಎಂದು ಗೊತ್ತಾಗುತ್ತಿರಲಿಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳ ಒಗರು ವಾಸನೆ, ಮಠದ ಉದ್ದನೆಯ ಕಹಳೆಯ ಸದ್ದು, ಎಲ್ಲಿಂದಲೋ ಕೋಳಿ ಕೂಗು. ನಾನು ಕ್ವಾರ್ಟರ್ಸ್ ಜಗಲಿಯಲ್ಲಿ ಕಾಫಿ ಹಿಡಿದು ಕೂತಿದ್ದರೆ ಎದ್ದಿದ್ದೇನೋ, ಇನ್ನೂ ಮಲಗಿಯೇ ಇದ್ದೇನೋ ಎಂದು ಅನುಮಾನ ಬರುತ್ತಿತ್ತು. ಈಗ ಕೆ.ಆರ್. ನಗರದ ಮನೆಯಲ್ಲಿ ಕೂತು ಇದನ್ನು ಬರೆಯುವಾಗಲೂ ಆ ಮಂಜೇ ಮೊದಲು ಕಣ್ಣಿಗೆ ಬರುತ್ತದೆ.

ಅಂಥ ಒಂದು ಬೆಳಿಗ್ಗೆ ಚಿಕ್ಕೇಗೌಡರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಪಕ್ಕದ ಹಳ್ಳಿಯ ಯಜಮಾನರು. ಅಲ್ಲಿನ ಬಸವೇಶ್ವರನ ಗುಡಿಯ ಉಸ್ತುವಾರಿ ಅವರದೇ. ಎಪ್ಪತ್ತು ದಾಟಿದ ಜೀವ. ಮಾತು ಕಡಿಮೆ, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಪೈಕಿ ಅಲ್ಲ. ಊರಿನ ಬಸಪ್ಪ ಮೇವು ಮುಟ್ಟುತ್ತಿಲ್ಲ, ಮೆಲುಕು ಹಾಕುತ್ತಿಲ್ಲ, ಬಂದು ನೋಡಬೇಕು ಎಂದರು. ದೇವರಿಗೆ ಬಿಟ್ಟ ಹೋರಿಯನ್ನು ನಮ್ಮ ಕಡೆ ಬಸಪ್ಪ ಎನ್ನುತ್ತಾರೆ. ಅದಕ್ಕೆ ಹಗ್ಗವಿಲ್ಲ, ನೊಗವಿಲ್ಲ. ಯಾರ ಹೊಲಕ್ಕೆ ಬಾಯಿ ಹಾಕಿದರೂ ಹೊಡೆಯುವಂತಿಲ್ಲ.

ಗುಡಿಯ ಮುಂದಿನ ಅರಳಿಮರದ ಕೆಳಗೆ ಅದು ನಿಂತಿತ್ತು. ನೋಡಿ ನನಗೆ ನಗು ಬಂತು. ಬಸಪ್ಪ ಎಂದರೆ ಚೂಪು ಕೊಂಬಿನ, ಹೆಗಲ ಮೇಲೆ ಡುಬ್ಬವಿರುವ ಹಳ್ಳಿಕಾರ್ ಹೋರಿ ಇರಬಹುದು ಎಂದುಕೊಂಡಿದ್ದೆ. ಇದು ಕಂದು ಬಣ್ಣದ ಜರ್ಸಿ ಕ್ರಾಸ್, ಜನರ ಮಾತಿನಲ್ಲಿ ಸೀಮೆ ದನ. ಅರ್ಧ ನಾಟಿ, ಅರ್ಧ ಹೊರಗಿನದು. ಹಾಲು ಕೊಡದ, ಬಿಸಿಲಲ್ಲಿ ನೇಗಿಲು ಎಳೆಯಲಾಗದ ಸೀಮೆ ಗಂಡುಕರುವನ್ನು ನಮ್ಮ ರೈತರು ಆದಷ್ಟು ಬೇಗ ಸಾಗಹಾಕುತ್ತಾರೆ. ಅಂಥದೊಂದು ಕೊರಳಿಗೆ ಹಿತ್ತಾಳೆ ಗಂಟೆ, ಹಣೆಗೆ ಅರಿಶಿನ ಕುಂಕುಮ ಇಡಿಸಿಕೊಂಡು ದೇವರಾಗಿ ನಿಂತಿತ್ತು. ಬಾಯಿ ತಡೆಯಲಾರದೆ, ಗೌಡರೇ, ನಿಮ್ಮ ಬಸವಣ್ಣ ಯಾವಾಗ ಸೀಮೆಗೆ ಹೋಗಿ ಬಂದ ಎಂದು ಕೇಳಿಬಿಟ್ಟೆ. "ದೇವ್ರಿಗೆ ತಳಿ ಎಲ್ಲೈತೆ ಕಣವ್ವ" ಎಂದರು ಗೌಡರು, ನಗದೆ. ನಾನು ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಇಳಿದೆ.

ಎಡಗಡೆಯ ಹೊಟ್ಟೆ ಊದಿತ್ತು. ಬೆರಳಿನಿಂದ ತಟ್ಟಿದರೆ ಖಾಲಿ ಡ್ರಮ್ಮಿನ ಸದ್ದು. ಸೆಗಣಿ ಬೆರಳಷ್ಟು, ಅದರಲ್ಲಿ ಒಂದು ಎಳೆ ನೀಲಿ ಪ್ಲಾಸ್ಟಿಕ್. ಇಷ್ಟು ಸಾಕಿತ್ತು. ಮೆಲುಕು ಹಾಕುವ ಪ್ರಾಣಿಗೆ ಹೊಟ್ಟೆಯಲ್ಲಿ ನಾಲ್ಕು ಕೋಣೆ; ಮೊದಲನೆಯದು, ಎಲ್ಲಕ್ಕಿಂತ ದೊಡ್ಡದು ರುಮೆನ್. ಹುಲ್ಲು ಅಲ್ಲಿ ನೆನೆದು ಹಣ್ಣಾಗುತ್ತದೆ, ಪ್ಲಾಸ್ಟಿಕ್ ಆಗುವುದಿಲ್ಲ. ಅಲ್ಲೇ ಉಳಿದು, ಒಂದಕ್ಕೊಂದು ಸುತ್ತಿಕೊಂಡು ಗಂಟಾಗುತ್ತದೆ. ಪ್ರವಾಸಿಗರ ಕಾರು ನಿಲ್ಲುವ ರಸ್ತೆಯ ಕಸದಲ್ಲಿ ಇದು ವರ್ಷಗಟ್ಟಲೆ ಬಾಯಿ ಹಾಕಿತ್ತು. ಇದಕ್ಕಿರುವ ಔಷಧ ಒಂದೇ, ರುಮೆನೊಟಮಿ. ಎಡ ಪಕ್ಕೆಯನ್ನು ಕುಯ್ದು ರುಮೆನ್ ತೆರೆದು, ಕೈ ಹಾಕಿ ಎಲ್ಲವನ್ನೂ ತೆಗೆಯಬೇಕು.

ನಮ್ಮ ವೃತ್ತಿಯಲ್ಲಿ ಒಂದು ರೂಢಿ ಇದೆ. ಕತ್ತರಿ ಮುಟ್ಟುವ ಮೊದಲು ದನ ಯಾರದು ಎಂದು ಕೇಳುತ್ತೇವೆ. ನಂದು ಎಂದವರು ಮುಂದೆ ಬಂದು ಹಗ್ಗ ಹಿಡಿಯಬೇಕು. ಹಗ್ಗ ಹಿಡಿದವರೇ ವಾರಸುದಾರರು; ಬದುಕಿದರೂ ಅವರದು, ಸತ್ತರೂ ಅವರದು. ಸಹಿ ಗಿಹಿ ಎಲ್ಲ ಆಮೇಲಿನ ಮಾತು. ಆವತ್ತೂ ಗುಡಿಯ ಮುಂದೆ ನಿಂತ ಹತ್ತಾರು ಜನರನ್ನು ನೋಡಿ ಅದನ್ನೇ ಕೇಳಿದೆ. ಎಲ್ಲರೂ ಊರಿನದು ಎಂದರು. ಗೌಡರು ಬಸವಣ್ಣನದು ಎಂದರು.

ಅಷ್ಟರಲ್ಲಿ ಗಾಡಿದಾರಿ ದಾಟಿ ಡೋಲ್ಮಾ ಬಂದಳು. ಕ್ಯಾಂಪಿನ ಕೊನೆಯ ಮನೆಯವಳು, ಐವತ್ತರ ಆಸುಪಾಸು. ಗಂಡ ತೀರಿಕೊಂಡ ಮೇಲೆ ವಯಸ್ಸಾದ ತಾಯಿಯೊಂದಿಗೆ ಇದ್ದಳು. ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಿದ್ದುದರಿಂದ ನನಗೆ ಚೆನ್ನಾಗಿ ಪರಿಚಯ. ಉದ್ದನೆಯ ಟಿಬೆಟನ್ ಚುಪಾ ಉಟ್ಟುಕೊಂಡು, ಮುಖ ಕಾಣದಿದ್ದರೆ ಪಕ್ಕಾ ಪಿರಿಯಾಪಟ್ಟಣದ ಹೆಂಗಸೇ ಅನ್ನುವ ಹಾಗೆ ಕನ್ನಡ ಆಡುವವಳು. ಕೈಯಲ್ಲಿ ಹುರಿದ ಬಾರ್ಲಿ ಹಿಟ್ಟು ಕಲಸಿದ ಬೋಗುಣಿ ಇತ್ತು. ನಮ್ಮ ಮಾತು ಕೇಳಿಸಿಕೊಂಡು ಮುಗ್ಧವಾಗಿ, ಇದು ನಮ್ಮನೆ ತ್ಸೆರಿಂಗ್ ಅಲ್ಲವಾ, ಬೆಳಿಗ್ಗೆ ತಿಂಡಿಗೆ ಬರಲಿಲ್ಲವಲ್ಲ ಎಂದು ಹುಡುಕಿಕೊಂಡು ಬಂದೆ ಎಂದಳು. ಎಲ್ಲರೂ ಅವಳ ಮುಖ ನೋಡಿದರು.

ವಿಷಯ ಹೀಗಿತ್ತು. ಕೊರೊನಾ ಬಂದ ವರ್ಷ ಡೋಲ್ಮಾಳ ತಾಯಿ ಪೇಮಾ ಅಜ್ಜಿ ಉಸಿರಾಟದ ತೊಂದರೆಯಿಂದ ಸಾಯುವ ಹಾಗಾಗಿದ್ದಳು. ಟಿಬೆಟನ್ನರಲ್ಲಿ ಒಂದು ಪದ್ಧತಿ ಇದೆ. ಮನೆಯಲ್ಲಿ ಯಾರದಾದರೂ ಜೀವಕ್ಕೆ ಕುತ್ತು ಬಂದರೆ, ಕಟುಕರ ಪಾಲಾಗಲಿರುವ ಒಂದು ಪ್ರಾಣಿಯನ್ನು ಬಿಡಿಸಿಕೊಂಡು ಬಂದು, ಕಿವಿಗೆ ಬಣ್ಣದ ದಾರ ಪೋಣಿಸಿ, ಇನ್ನು ನೀನು ಯಾರದೂ ಅಲ್ಲ ಎಂದು ಬಿಟ್ಟುಬಿಡುತ್ತಾರೆ. ಆ ಜೀವ ಉಳಿದದ್ದರ ಪುಣ್ಯ ಈ ಜೀವಕ್ಕೆ ಆಯುಸ್ಸಾಗುತ್ತದೆ. ಡೋಲ್ಮಾ ಸಂತೆಯಿಂದ ಒಂದು ಸೀಮೆ ಗಂಡುಕರುವನ್ನು ತಂದು ತಾಯಿಯ ಹೆಸರಿನಲ್ಲಿ ಬಿಟ್ಟಳು. ತ್ಸೆರಿಂಗ್ ಎಂದು ಕರೆದರು. ದೀರ್ಘಾಯುಸ್ಸು ಎಂದು ಅರ್ಥ. ಅಜ್ಜಿ ಎದ್ದು ಕೂತಳು.

ಇತ್ತ ಹಳ್ಳಿಯಲ್ಲಿ ಅದೇ ವರ್ಷ ಹಳೆಯ ಬಸಪ್ಪ ಸತ್ತಿತ್ತು. ಕೆಲವೇ ದಿನಗಳಲ್ಲಿ ಹಗ್ಗವಿಲ್ಲದ, ಕಿವಿಯಲ್ಲಿ ಕೆಂಪು ದಾರವಿದ್ದ ಒಂದು ಕರು ತಾನಾಗಿ ಬಂದು ಗುಡಿಯ ಮುಂದೆ ಮಲಗಿತು. ಹಳೆಯ ಬಸಪ್ಪ ಬೇರೆ ಬಣ್ಣದಲ್ಲಿ ವಾಪಸ್ಸು ಬಂದಂತೆ ಗೌಡರಿಗೆ ಕನಸು ಬಿದ್ದಿತ್ತಂತೆ. ಊರವರು ಗಂಟೆ ಕಟ್ಟಿದರು, ಕುಂಕುಮ ಇಟ್ಟರು. ಕ್ಯಾಂಪಿನಿಂದ ಯಾರೋ ಹಿಟ್ಟು ತಿನ್ನಿಸುವುದನ್ನು ಕಂಡು, ನಮ್ಮ ಬಸಪ್ಪನಿಗೆ ಅವರೂ ನಡೆದುಕೊಳ್ಳುತ್ತಾರೆ ಎಂದು ಹೆಮ್ಮೆಪಟ್ಟರು. ಅತ್ತ ಪೇಮಾ ಅಜ್ಜಿ ಕೊರಳಿನ ಗಂಟೆ ಮುಟ್ಟಿ ನೋಡಿ, ನಾವು ಬಿಟ್ಟ ಜೀವಕ್ಕೆ ಊರಿನವರು ಎಷ್ಟು ಮರ್ಯಾದೆ ಕೊಡುತ್ತಾರೆ ಎಂದು ಕಣ್ಣಿಗೆ ಒತ್ತಿಕೊಂಡಳು. ಹೋರಿ ಎರಡು ಹೆಸರಿಗೂ ಓಗೊಡುತ್ತ, ಎರಡು ಕಡೆಯೂ ತಿಂಡಿ ತಿನ್ನುತ್ತ ಬೆಳೆಯಿತು. ಯಾರದು ಎಂದು ಯಾರೂ ಕೇಳಿರಲಿಲ್ಲ. ಕೇಳಿದ ಮಹಾತಾಯಿ ನಾನೇ.

ಕೇಳಿದ ಮೇಲೆ ಮಾತು ಬೆಳೆಯಿತು. ಕ್ಯಾಂಪಿನವರು ಬಿಟ್ಟದ್ದನ್ನು ನಾವು ಪೂಜೆ ಮಾಡಿದೆವೇ ಎಂದು ಒಬ್ಬರು, ಗುಡಿಗೆ ಬಂದ ಮೇಲೆ ಅದು ಗುಡಿಯದೇ ಎಂದು ಇನ್ನೊಬ್ಬರು. ಡೋಲ್ಮಾ ಜಗಳಕ್ಕೆ ಬಂದವಳಲ್ಲ. ನಮ್ಮದು ಅಂತ ನಾನೆಲ್ಲಿ ಹೇಳಿದೆ, ಬಿಟ್ಟಿದ್ದು ನಾವು ಅಂದೆ ಅಷ್ಟೆ, ಅದು ಉಳಿದರೆ ಸಾಕು ಎಂದಳು. ಆಗ ಗೌಡರು ಬಿಗಿಯಾದ ದನಿಯಲ್ಲಿ ಒಂದು ಮಾತು ಆಡಿದರು.

"ನೀವು ಬಂದೋರು ಕಣವ್ವ. ಇವತ್ತು ಇರ್ತೀರಿ, ನಾಳೆ ನಿಮ್ ದೇಸಕ್ಕೆ ಓಯ್ತೀರಿ. ಬಸಪ್ಪ ಇಲ್ಲೇ ಇರೋನು."

ಡೋಲ್ಮಾ ಬೋಗುಣಿಯನ್ನು ಸೊಂಟಕ್ಕೆ ಒತ್ತಿ ಹಿಡಿದು ನಿಂತಳು. "ಯಾವ್ ದೇಸ ಗೌಡ್ರೆ? ನಾನು ಉಟ್ಟಿದ್ದು ಈ ದಾರಿ ಆಚೆ ಮನೇಲಿ. ನಿಮ್ ಮಗಳ ಮದ್ವೇಲಿ ನಾನೂ ಎಲೆ ತೊಳ್ದಿವ್ನಿ."

ಗೌಡರು ಹೋರಿಯ ಕಡೆ ತಿರುಗಿಕೊಂಡರು. ನಾನು ನಡುವೆ ಬಾಯಿ ಹಾಕಿದೆ. ವಾರಸುದಾರಿಕೆಗೆ ಇಷ್ಟು ಜನ ಬಡಿದಾಡುತ್ತಿದ್ದೀರಲ್ಲ, ಸರಿ, ಈಗ ಹಗ್ಗ ಹಿಡಿಯುವವರು ಯಾರು ಎಂದು ಕೇಳಿದೆ. ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ದೇವರಿಗೆ ಬಿಟ್ಟ ಬಸಪ್ಪನ ಮೈಗೆ ಕಬ್ಬಿಣ ತಾಗಿಸಬಾರದು, ಹೊಟ್ಟೆ ಕುಯ್ಯಿಸಿದ ಪಾಪ ಊರಿಗೆ ಬೇಡ ಎಂದರು ಗೌಡರು. ಡೋಲ್ಮಾ ತಲೆ ತಗ್ಗಿಸಿ, ಅವ್ವನನ್ನು ಕೇಳಬೇಕು ಎಂದಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂದು ನಾನು ಎಲ್ಲರಿಗೂ ಸೇರಿಸಿ ಮಂಗಳಾರತಿ ಎತ್ತಿದೆ. ಬಾಯಿಂದ ಹೊಟ್ಟೆಗೆ ನಳಿಗೆ ಇಳಿಸಿ ಗಾಳಿ ತೆಗೆದೆ. ಒಂದು ದಿನದ ಮಟ್ಟಿಗೆ ಉಸಿರಾಡುತ್ತದೆ, ನಾಳೆ ಬೆಳಿಗ್ಗೆಯೊಳಗೆ ತೀರ್ಮಾನ ಮಾಡಿ ಆಸ್ಪತ್ರೆಗೆ ಹೊಡೆದುಕೊಂಡು ಬನ್ನಿ, ಆಗದಿದ್ದರೆ ನನ್ನನ್ನು ಕರೆಯಬೇಡಿ, ಗುಂಡಿ ತೋಡುವವರನ್ನು ಕರೆಯಿರಿ ಎಂದು ಹೇಳಿ ಬಂದೆ.

ಹೇಳಿ ಬಂದೆನೇ ಹೊರತು ಮನಸ್ಸು ನಿಲ್ಲಲಿಲ್ಲ. ಮಧ್ಯಾಹ್ನ ಡೋಲ್ಮಾಳ ಮನೆಗೆ ನಡೆದುಹೋದೆ. ಕಿಟಕಿಯಿಂದ ಬಿದ್ದ ಬಿಸಿಲಲ್ಲಿ ಧೂಪದ ಹೊಗೆ ನಿಧಾನವಾಗಿ ಏಳುತ್ತಿತ್ತು. ಮೂಲೆಯಲ್ಲಿ ಒಂದು ಬೆಣ್ಣೆಯ ದೀಪ. ಪೇಮಾ ಅಜ್ಜಿ ಮಣೆಯ ಮೇಲೆ ಕಾಲು ಮಡಿಸಿ ಕೂತು, ಕಣ್ಣು ಮುಚ್ಚಿ ಜಪಮಣಿ ಎಣಿಸುತ್ತಿದ್ದಳು. ನನ್ನನ್ನು ಕಂಡು ಬಾ, ಕೂತ್ಕೋ ಎಂದಳು. ಅರವತ್ತು ವರ್ಷದಲ್ಲಿ ಆಕೆ ಕಲಿತ ಕನ್ನಡ ಒಂದು ಹಿಡಿ: ಬಾ, ಕೂತ್ಕೋ, ಊಟ, ನೀರು, ನಂದು, ನಿಂದು. ಎಲ್ಲಕ್ಕಿಂತ ಮೊದಲು ಕಲಿತದ್ದು ಆನೆ ಎಂಬ ಮಾತಂತೆ. ಕಾಡು ಕಡಿಯುವ ದಿನಗಳಲ್ಲಿ ಹಳ್ಳಿಯ ಕೂಲಿಯವರು ಆ ಮಾತನ್ನು ಕೂಗಿದಾಗ ಎಲ್ಲರೂ ಒಟ್ಟಿಗೆ ಓಡುತ್ತಿದ್ದರಂತೆ. ಡೋಲ್ಮಾ ಉಪ್ಪು ಬೆಣ್ಣೆಯ ಟೀ ತಂದುಕೊಟ್ಟಳು. ತಾಯಿಯನ್ನು ಅವಳು ಗೌರವದಿಂದ ಆಮಾ‑ಲಾ ಎಂದು ಕರೆದಾಗ, ಅದು ಗಂಡುಹುಡುಗರನ್ನು ಏಕವಚನದಲ್ಲಿ ಕರೆಯುವ ನಮ್ಮ ಕಡೆಯ ಲಾ ಎಂದುಕೊಂಡು ಊರಿನ ಹುಡುಗರು ಹೆತ್ತವ್ವನನ್ನೂ ಲಾ ಅಂತೀಯಲ್ಲೇ ಎಂದು ಚಿಕ್ಕಂದಿನಲ್ಲಿ ಗೋಳುಹೊಯ್ದುಕೊಳ್ಳುತ್ತಿದ್ದರು ಎಂದು ನೆನೆದು ನಕ್ಕಳು.

ಅಜ್ಜಿ ಮೆಲ್ಲಗೆ ಮಾತಾಡಿದಳು, ಮಗಳು ಕನ್ನಡಕ್ಕೆ ತಂದಳು. ಅಜ್ಜಿಯ ತೌರು ದನ ಮೇಯಿಸುವವರದು. ಮರವೇ ಇಲ್ಲದ ಹುಲ್ಲುಗಾವಲು, ಬಿಡಾರ, ಚಮರೀ ಮೃಗಗಳ ಮಂದೆ. ಅವಳ ಅಪ್ಪ ತನ್ನ ತಾಯಿಯ ಹೆಸರಿನಲ್ಲಿ ಒಂದು ಚಮರಿಯನ್ನು ಬಿಟ್ಟಿದ್ದನಂತೆ. ಕಿವಿಯಲ್ಲಿ ಕೆಂಪು ಉಣ್ಣೆ, ಯಾವಾಗಲೂ ಮಂದೆಯ ಮುಂದೆ ಮುಂದೆ ನಡೆಯುತ್ತಿತ್ತು. ಒಂದು ಚಳಿಗಾಲ ಹೊರೆ ಹೊರಲು ಪ್ರಾಣಿ ಸಾಲದೆ ಅಪ್ಪ ಅದಕ್ಕೆ ಮತ್ತೆ ಹಗ್ಗ ಹಾಕಿದ. ಹಿಮ ಕರಗುವ ಮೊದಲೇ ತಾಯಿ ತೀರಿಕೊಂಡಳು. ಕೊಟ್ಟದ್ದನ್ನು ವಾಪಸ್ಸು ತೆಗೆದುಕೊಂಡರೆ ಪಡೆದದ್ದೂ ವಾಪಸ್ಸು ಹೋಗುತ್ತದೆ ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದ. ಈಗಲೂ ಕನಸಿನಲ್ಲಿ ಆ ಹುಲ್ಲುಗಾವಲು ಬರುತ್ತದೆ. ಆದರೆ ಮಂದೆಯ ಮುಂದೆ ನಡೆಯುವುದು ಚಮರಿ ಅಲ್ಲ, ಈ ತ್ಸೆರಿಂಗ್. ಅದರ ಕೊರಳಿನ ಗಂಟೆ ಕೇಳಿಸಿದಾಗ ತನಗೆ ಎಚ್ಚರವಾಗುತ್ತದೆ ಎಂದಳು ಅಜ್ಜಿ. ಆ ಧೂಪದ ಹೊಗೆಯಲ್ಲಿ ಕೂತು ಕೇಳುತ್ತ ನನಗೂ ತೂಕಡಿಕೆ ಬಂದು, ಹಿಮದ ಮೇಲೆ ಜರ್ಸಿ ಹೋರಿ ನಡೆಯುತ್ತಿರುವುದನ್ನು ಒಂದು ಕ್ಷಣ ನಿಜವಾಗಿಯೇ ಕಂಡೆ.

ಎಲ್ಲ ಟಿಬೆಟನ್ನರೂ ಹೀಗೆ ನಂಬುತ್ತಾರೆಂದು ತಿಳಿಯಬಾರದು. ಡೋಲ್ಮಾ ಗುಡಿಯಿಂದ ನೇರವಾಗಿ ಮಠಕ್ಕೆ ಹೋಗಿ ಒಬ್ಬ ಹಿರಿಯ ಲಾಮಾ ಅವರನ್ನು ಕೇಳಿದ್ದಳು. ಜೀವ ಉಳಿಸಲು ಹಗ್ಗ ಹಿಡಿದರೆ ತಪ್ಪಿಲ್ಲ, ಧಾರಾಳವಾಗಿ ಚಿಕಿತ್ಸೆ ಮಾಡಿಸಿ ಎಂದಿದ್ದರು. ಆದರೆ ಅಜ್ಜಿಗೆ ಲಾಮಾ ಮಾತಿಗಿಂತ ಅಪ್ಪನ ಮಾತು ದೊಡ್ಡದು. ಡೋಲ್ಮಾಗೆ ಅತ್ತ ದರಿ, ಇತ್ತ ಪುಲಿ. ಹೋರಿ ಸತ್ತರೆ ತನ್ನ ಆಯುಸ್ಸೂ ಮುಗಿಯಿತೆಂದು ಅವ್ವ ಹಾಸಿಗೆ ಹಿಡಿಯುತ್ತಾಳೆ. ಹಗ್ಗ ಹಾಕಿದರೂ ಅಷ್ಟೇ.

ನನ್ನನ್ನು ಕಳಿಸಲು ಗೇಟಿನವರೆಗೆ ಬಂದವಳು ಹಾಗೇ ನಿಂತಳು. ಗೌಡರ ಮಾತು ಅವಳಿಗೆ ನಾಟಿತ್ತು. ಅವಳ ಹತ್ತಿರ ಇರುವುದು ಆಗಾಗ ಹೊಸದು ಮಾಡಿಸಬೇಕಾದ ಗುರುತಿನ ಪತ್ರ. ಅದರ ಪ್ರಕಾರ ಹುಟ್ಟಿದ ಊರಿನಲ್ಲೇ ಅವಳು ವಿದೇಶಿ. "ಕ್ಯಾಂಪಿನೋರು ನನ್ ಮಾತ್ನಲ್ಲಿ ಮುದ್ದೆ ವಾಸ್ನೆ ಅಂತಾರೆ, ಊರೋರು ಬೆಣ್ಣೆ ಟೀ ವಾಸ್ನೆ ಅಂತಾರೆ. ನಾನೇನು ಬಾಯಿಗೆ ಬಟ್ಟೆ ಕಟ್ಕೊಂಡು ಬದುಕ್ಬೇಕಾ ಡಾಕ್ಟ್ರೆ?" ಎಂದಳು. ನಾನು ಅವಳ ಭುಜ ತಟ್ಟಿ ಬಂದೆ.

ಮರುದಿನ ಬೆಳಿಗ್ಗೆ ಮಂಜು ಇನ್ನೂ ದಟ್ಟವಾಗಿತ್ತು. ಯಾರು ಬರುತ್ತಾರೋ ಬಿಡುತ್ತಾರೋ, ನಾನು ಮತ್ತು ನಮ್ಮ ಅಟೆಂಡರ್ ಸಿದ್ದರಾಜು ಉಪಕರಣ ಕುದಿಸಿ ಇಟ್ಟುಕೊಂಡು ಕೂತೆವು. ಆಸ್ಪತ್ರೆಯ ಅಂಗಳದಲ್ಲಿ ಟ್ರೆವಿಸ್ ಇದೆ; ದನವನ್ನು ನಿಲ್ಲಿಸಿ ಚಿಕಿತ್ಸೆ ಮಾಡಲು ಕಬ್ಬಿಣದ ಪೈಪಿನಿಂದ ಮಾಡಿದ ಚೌಕಟ್ಟು. ಚಿಕ್ಕೇಗೌಡರು ಐದಾರು ಜನರೊಂದಿಗೆ ಆಗಲೇ ಬಂದು ಗೇಟಿನ ಬಳಿ ನಿಂತಿದ್ದರು. ಬಸಪ್ಪನನ್ನು ಕುಯ್ಯಲು ಬಿಡುವುದಿಲ್ಲ ಎಂದು ತಡೆಯಲು ಬಂದವರು ಅವರು ಎಂಬುದು ಅವರ ಮುಖದಲ್ಲೇ ಇತ್ತು.

ಗಂಟೆಯ ಸದ್ದು ಮೊದಲು ಕೇಳಿಸಿತು. ಮಂಜಿನೊಳಗಿಂದ ಹೋರಿ ನಿಧಾನಕ್ಕೆ ಬಂತು. ಪಕ್ಕದಲ್ಲಿ ಪೇಮಾ ಅಜ್ಜಿ. ಒಂದು ಕೈಯಲ್ಲಿ ಊರುಗೋಲು. ಇನ್ನೊಂದರಲ್ಲಿ ಹಗ್ಗ, ಅದರ ತುದಿ ಹೋರಿಯ ಕೊರಳಿನಲ್ಲಿ. ಹಿಂದೆ ಡೋಲ್ಮಾ ಅಳುತ್ತ, ತಾಯಿಯನ್ನು ಬೈಯುತ್ತ ಬರುತ್ತಿದ್ದಳು. ಗೇಟಿನಲ್ಲಿದ್ದವರು ತಮಗೆ ಗೊತ್ತಿಲ್ಲದೆಯೇ ದಾರಿ ಬಿಟ್ಟರು. ಅಜ್ಜಿ ಟ್ರೆವಿಸ್ ಮುಂದೆ ನಿಂತು ನನ್ನ ಕಡೆ ನೋಡಿದಳು. ನಾನು ಏನನ್ನೂ ಕೇಳಿರಲಿಲ್ಲ.

"ನಂದು," ಎಂದಳು.

ಏನಂತೆ ಎಂದು ಗೌಡರು ಕೇಳಿದರು. ಡೋಲ್ಮಾ ಮೂಗು ಒರೆಸಿಕೊಂಡು, ತಾಯಿ ದಾರಿಯುದ್ದಕ್ಕೂ ಹೇಳಿದ್ದನ್ನು ಅವರಿಗೆ ಹೇಳಿದಳು. ಕೊಟ್ಟದ್ದನ್ನು ವಾಪಸ್ಸು ತೆಗೆದುಕೊಂಡಿದ್ದೇನೆ. ಆಗುವುದೆಲ್ಲ ನನಗೇ ಆಗಲಿ. ಈ ಕರು ನನಗೆ ಇಷ್ಟು ದಿನ ಹೆಚ್ಚಿಗೆ ಕೊಟ್ಟಿತು, ನನಗೆ ಸಾಕು. ಉಳಿದದ್ದು ಅದಕ್ಕಿರಲಿ. ಅಪ್ಪನ ಮಾತನ್ನು ಅಜ್ಜಿ ನಂಬುವುದನ್ನು ಬಿಟ್ಟಿರಲಿಲ್ಲ. ನಂಬಿಕೊಂಡೇ, ಸಾವು ಬರುತ್ತದೆಂದು ತಿಳಿದೇ ಹಗ್ಗ ಹಿಡಿದಿದ್ದಳು.

ಟ್ರೆವಿಸ್‌ನಲ್ಲಿ ದನ ನಿಲ್ಲಿಸಿದಾಗ ತಲೆಗೊಂದು, ಹಿಂಗಾಲಿಗೊಂದು ಹಗ್ಗ ಬೇಕು. ತಲೆಯ ಹಗ್ಗ ಅಜ್ಜಿಯ ಕೈಯಲ್ಲಿತ್ತು. ಇನ್ನೊಂದನ್ನು ಸಿದ್ದರಾಜು ಕಟ್ಟಿ ಹಿಡಿದುಕೊಂಡಿದ್ದ. ಗೌಡರು ಚಪ್ಪಲಿ ಬಿಟ್ಟು, ಕಂಬಳಿಯನ್ನು ಗೇಟಿನ ಮೇಲೆ ಹಾಕಿ, ಒಳಗೆ ಬಂದು ಸಿದ್ದರಾಜುವಿನ ಕೈಯಿಂದ ಹಗ್ಗ ಈಸಿಕೊಂಡರು.

"ಒಬ್ಬಳ ಮ್ಯಾಲೇ ಆಕ್ಬಾರ್ದು ಕಣವ್ವ," ಎಂದರು ನನಗೆ. "ಪಾಪ ಬಂದ್ರೆ ಇಬ್ರೂ ಅಂಚ್ಕೊತೀವಿ. ನೀನು ಕುಯ್ಯಿ."

ಎಡ ಪಕ್ಕೆಯ ಕೂದಲು ತೆಗೆದು, ಸಾಲಾಗಿ ಲಿಗ್ನೋಕೇನ್ ಚುಚ್ಚಿ ಮರಗಟ್ಟಿಸಿದೆ. ಈ ಆಪರೇಷನ್ ದನ ನಿಂತಿರುವಾಗಲೇ ನಡೆಯುತ್ತದೆ, ಅದಕ್ಕೆ ಎಚ್ಚರ ಇರುತ್ತದೆ. ಚರ್ಮ, ಮಾಂಸದ ಪದರ, ಅದರೊಳಗೆ ರುಮೆನ್. ರುಮೆನ್ನಿನ ಅಂಚನ್ನು ಚರ್ಮಕ್ಕೆ ಹೊಲಿದುಕೊಂಡು ತೆರೆದೆ. ಅಜ್ಜಿ ಹೋರಿಯ ಹಣೆಗೆ ಹಣೆ ಹಚ್ಚಿ ಒಂದು ರಾಗ ಗುನುಗತೊಡಗಿದಳು. ಮಂದೆಯನ್ನು ಸಂಜೆ ಮನೆಗೆ ಕರೆಯುವ ರಾಗವಂತೆ. ಹೋರಿ ಕಿವಿ ಜೋತುಬಿಟ್ಟು, ಅರೆಗಣ್ಣು ಮುಚ್ಚಿ ನಿಂತಿತ್ತು. ಭುಜದವರೆಗೆ ಕೈಗವಸು ಹಾಕಿಕೊಂಡು ಬಿಸಿಯಾದ ಆ ಕತ್ತಲೆಯೊಳಗೆ ಕೈ ಇಟ್ಟು ತಡಕುತ್ತಿದ್ದ ನನಗೆ ಹೊತ್ತು ಎಷ್ಟಾಯಿತೆಂಬುದೇ ಮರೆತುಹೋಯಿತು. ಆ ರಾಗ, ಮಂಜು, ಬ್ಯಾರನ್ ವಾಸನೆ, ಎಲ್ಲೋ ದೂರದಲ್ಲಿ ಕಹಳೆ. ಮೂವತ್ತು ಚಿಲ್ಲರೆ ವರ್ಷದ ಸರ್ವೀಸಿನಲ್ಲಿ ಅಂಥ ನೆಮ್ಮದಿಯಲ್ಲಿ ನಾನು ಕೆಲಸ ಮಾಡಿದ್ದು ಇನ್ನೊಂದು ಸಲ ಇಲ್ಲ.

ತೆಗೆದದ್ದು ಎರಡು ಬಕೆಟ್ ತುಂಬಿತು. ಬಹುಪಾಲು ತಿಂಡಿಯ ಕವರ್‌ಗಳು. ಅದರ ನಡುವೆ ಪ್ರಾರ್ಥನಾ ಬಾವುಟದ ನೈಲಾನ್ ದಾರ ಇತ್ತು. ಗುಡಿಗೆ ತಂದ ಕರ್ಪೂರ, ಊದುಬತ್ತಿಯ ಕವರೂ ಇದ್ದವು. ಗೌಡರು ಬಕೆಟ್ಟಿನೊಳಗೆ ಇಣುಕಿ, ಡೋಲ್ಮಾ ಕಡೆ ನೋಡಿದರು. ಅವಳೂ ನೋಡಿದಳು. ನಾನು ಹೊಲಿಗೆ ಹಾಕಿ ಮುಗಿಸಿದೆ.

ಎರಡು ದಿನ ಏನೂ ಹೇಳುವಂತಿರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಹೋರಿ ಅರಳಿಮರದ ಕೆಳಗೆ ಮಲಗಿ ಮೆಲುಕು ಹಾಕಲು ಶುರುಮಾಡಿತು. ಸುದ್ದಿ ಹೇಳಲು ಗೌಡರು ತಾವೇ ಗಾಡಿದಾರಿ ದಾಟಿ ಡೋಲ್ಮಾಳ ಮನೆಗೆ ಹೋದರಂತೆ. ಕ್ಷಮೆ ಗಿಮೆ ಕೇಳುವ ಆಸಾಮಿ ಅವರಲ್ಲ. ಒಳಗೆ ಕೂತು, ಕೊಟ್ಟ ಬೆಣ್ಣೆ ಟೀಯನ್ನು ಮುಖ ಕಿವಿಚಿಕೊಂಡು ಪೂರ್ತಿ ಕುಡಿದು, ಇದಕ್ಕೆ ಒಂದು ಚೂರು ಬೆಲ್ಲ ಹಾಕಬಾರದಾ ಎಂದು ಕೇಳಿ ಎದ್ದು ಬಂದರಂತೆ. ಹೊಲಿಗೆ ಬಿಚ್ಚಿದ ದಿನ ಅಜ್ಜಿ ತಾನು ಹಾಕಿದ ಹಗ್ಗವನ್ನು ತಾನೇ ಕೊರಳಿಂದ ತೆಗೆದಳು.

ಅಜ್ಜಿ ಸಾಯಲಿಲ್ಲ. ಆ ಚಳಿಗಾಲ ಕಳೆಯಿತು, ಬೇಸಿಗೆ ಕಳೆಯಿತು, ಇನ್ನೊಂದು ಮಳೆಗಾಲವೂ ಆಯಿತು. ನಾನು ಕಂಡಾಗಲೆಲ್ಲ ಕೈಯಾಡಿಸಿ, ಇನ್ನೂ ಕರೆದಿಲ್ಲ ನೋಡು ಎನ್ನುವಂತೆ ಆಕಾಶ ತೋರಿಸಿ ಬೊಚ್ಚುಬಾಯಿಯಲ್ಲಿ ನಗುತ್ತಿದ್ದಳು. ಹೋರಿಯ ಹಿಂದೆ ಗೌಡರೂ ಒಮ್ಮೊಮ್ಮೆ ಆ ಮನೆಯ ತನಕ ಹೋಗುವುದಿತ್ತು. ಅಜ್ಜಿಯ ಭಾಷೆ ಗೌಡರಿಗೆ ಬಾರದು, ಗೌಡರದು ಅಜ್ಜಿಗೆ ಅಷ್ಟಕ್ಕಷ್ಟೆ. ಜಗಲಿಯ ಮೇಲೆ ಸುಮ್ಮನೆ ಕೂತು ದನ ನೋಡುತ್ತಿರುತ್ತಿದ್ದರು.

ನಾನು ನಿವೃತ್ತಳಾಗುವ ವರ್ಷದ ಆರಂಭದಲ್ಲಿ, ಕಾಲುಬಾಯಿ ಜ್ವರದ ಲಸಿಕೆ ಹಾಕಲು ಒಂದು ಸೋಮವಾರ ಆ ಹಳ್ಳಿಗೆ ಹೋದೆ. ಸೋಮವಾರ ಬಸವೇಶ್ವರನ ಪೂಜೆಯ ದಿನ. ಗುಡಿಯ ಬಾಗಿಲು ಹಾಕಿತ್ತು, ದೀಪವಿಲ್ಲ, ಹೂವಿಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ಊರೊಳಗೆ ಸಾವಾದರೆ ಹೆಣ ಎತ್ತುವವರೆಗೂ ಗುಡಿಯ ಬಾಗಿಲು ತೆಗೆಯುವುದಿಲ್ಲ. ಯಾರ ಮನೆಯಲ್ಲಿ ಎಂದು ಕಟ್ಟೆಯ ಮೇಲೆ ಕೂತಿದ್ದ ಗೌಡರನ್ನು ಕೇಳಿದೆ. ಅಜ್ಜಿ ಹೋದಳು ಎಂದರು. ಹಿಂದಿನ ಸಂಜೆ, ನಿದ್ದೆಯಲ್ಲಿ.

ನಾನು ಅಲ್ಲೇ ಕೂತೆ. ಸ್ವಲ್ಪ ಹೊತ್ತಿನ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ಕ್ಯಾಂಪಿನಲ್ಲಿ ಎಷ್ಟೋ ಸಾವುಗಳಾಗಿವೆ. ಹಳ್ಳಿಯ ಗುಡಿ ಆಗೆಲ್ಲ ಎಂದಿನಂತೆ ತೆರೆದೇ ಇರುತ್ತಿತ್ತು. ಗೌಡರೇ, ಅವರಲ್ಲಿ ಹೆಣವನ್ನು ನಮ್ಮ ಹಾಗೆ ಆವತ್ತೇ ಎತ್ತುವುದಿಲ್ಲ, ಲಾಮಾ ದಿನ ನೋಡಿ ಹೇಳುತ್ತಾರೆ, ಮೂರು ನಾಲ್ಕು ದಿನವೂ ಆಗಬಹುದು, ಅಷ್ಟು ದಿನ ಪೂಜೆ ನಿಲ್ಲಿಸುತ್ತೀರಾ ಎಂದು ಕೇಳಿದೆ.

"ಇರ್ಲಿ ಬುಡವ್ವ, ಬಸವಣ್ಣ ಕಾಯ್ತಾನೆ," ಎಂದರು ಗೌಡರು. "ಊರೊಳ್ಗೆ ಎಣ ಮಡೀಕಂಡು ಪೂಜೆ ಮಾಡಾಕಾಯ್ತದಾ?"

ಲಸಿಕೆಯ ಪೆಟ್ಟಿಗೆಯನ್ನು ಸಿದ್ದರಾಜುವಿಗೆ ಕೊಟ್ಟು ಡೋಲ್ಮಾಳ ಮನೆಗೆ ಹೋದೆ. ಒಳಗೆ ಭಿಕ್ಷುಗಳು ಓದುತ್ತಿದ್ದರು. ಅವಳು ಹೊರಗೆ ಜಗಲಿಯಲ್ಲಿ ಬಂದವರಿಗೆ ಟೀ ಕೊಡುತ್ತ ಗಟ್ಟಿಯಾಗಿಯೇ ಇದ್ದಳು. ಗುಡಿಯ ಬಾಗಿಲು ಹಾಕಿದ್ದಾರೆ, ಎತ್ತುವವರೆಗೂ ತೆಗೆಯುವುದಿಲ್ಲವಂತೆ ಎಂದು ಹೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಕೆಟಲ್ ಕೆಳಗಿಟ್ಟು, ಹೊಸಿಲ ಮೇಲೆ ಕುಸಿದು ಕೂತು, ಚಿಕ್ಕ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತೆ, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಅಜ್ಜಿಯನ್ನು ಎತ್ತಿದ್ದು ನಾಲ್ಕನೆಯ ದಿನ. ಅಲ್ಲಿಯವರೆಗೂ ಆ ಬಾಗಿಲು ಮುಚ್ಚಿಯೇ ಇತ್ತು. ಯಾರು ಯಾವ ಊರಿನವರು ಎಂದು ತಿಳಿಯಲು ಸರ್ಕಾರಕ್ಕೆ ಅದರದೇ ಆದ ದಾರಿಗಳಿವೆ, ಇರಲಿ. ದನದ ಡಾಕ್ಟರಾಗಿ ಊರೂರು ಸುತ್ತಿದ ನಾನು ಕಲಿತದ್ದು ಇಷ್ಟು: ನೀವು ಹೋದ ದಿನ ಯಾವ ಊರಿನ ಗುಡಿಯ ಬಾಗಿಲು ಮುಚ್ಚಿರುತ್ತದೋ ಅದೇ ನಿಮ್ಮ ಊರು.